ನೂರ ಹದಿನಾಲ್ಕನೇ ನಂಬರಿನ ಪುಸ್ತಕ

೧೯೭೪ರಲ್ಲಿ ನಾನು ಮಾಗಡಿ ರಸ್ತೆಯ ಬದಿಯ ಒಂದು ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಸಹಾಯಕ ಶಿಕ್ಷಕಿಯಾಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ರಾಜಾಜಿನಗರದ ಮನೆಯಿಂದ ಶಾಲೆಗೆ ಇಪ್ಪತ್ತೈದು ನಿಮಿಷದ ನಡಿಗೆ. ಐದರಿಂದ ಏಳನೇ ತರಗತಿಯವರೆಗೆ ಇಂಗ್ಲಿಷ್ ಪಾಠ, ಐವತ್ತೆಂಟು ಮಕ್ಕಳ ಆರನೇ ತರಗತಿಯ ಜವಾಬ್ದಾರಿ, ಮಧ್ಯಾಹ್ನ ದಾನದ ಗೋಧಿ ರವೆಯ ಉಪ್ಪಿಟ್ಟು ಬಡಿಸುವ ಉಸ್ತುವಾರಿ, ಇವುಗಳ ನಡುವೆ ಮನೆಮನೆ ಅಲೆದು ಮತದಾರರ ಪಟ್ಟಿ ತಿದ್ದುವ ಕೆಲಸ. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಬೇಸರವಾಗುತ್ತಿತ್ತು. ಇಷ್ಟು ಸಾಲದೆಂಬಂತೆ ಆ ಜೂನ್ ತಿಂಗಳಲ್ಲಿ ಲೈಬ್ರರಿಯೂ ನನ್ನ ತಲೆಗೇ ಬಂತು.

ಪರದೇಶದ ಒಂದು ದತ್ತಿ ಸಂಸ್ಥೆಯವರು ತಮ್ಮ ಊರಿನ ಮಕ್ಕಳು ಓದಿ ಬಿಟ್ಟ ಪುಸ್ತಕಗಳನ್ನು ಕೂಡಿಸಿ, ಹಡಗಿನಲ್ಲಿ ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಲಾರಿಯಲ್ಲಿ ಬೆಂಗಳೂರಿಗೆ. ಇಲ್ಲಿ ಅವುಗಳನ್ನು ಬಡ ಶಾಲೆಗಳಿಗೆ ಹಂಚುವ ಹೊಣೆಯನ್ನು ಶ್ರೀನಿವಾಸಯ್ಯ ಎಂಬ ನಿವೃತ್ತ ಪೋಸ್ಟ್ ಮಾಸ್ಟರು ಹೊತ್ತಿದ್ದರು. ಸಂಬಳವಿಲ್ಲದ ಕೆಲಸ, ಆದರೆ ಅಂಚೆ ಕಚೇರಿಯ ಶಿಸ್ತು. ನಮ್ಮ ಶಾಲೆಗೆ ಎರಡು ಮರದ ಪೆಟ್ಟಿಗೆ ತಂದಿಳಿಸಿದಾಗಲೇ ಷರತ್ತು ಹೇಳಿದರು: ಆರು ತಿಂಗಳಾದ ಮೇಲೆ ಬಂದು ನೋಡುತ್ತೇನೆ, ಮಕ್ಕಳು ಓದುತ್ತಿದ್ದರೆ ಪುಸ್ತಕ ಇಲ್ಲೇ ಇರುತ್ತದೆ, ಇಲ್ಲದಿದ್ದರೆ ಕಾಯುತ್ತಿರುವ ಮುಂದಿನ ಶಾಲೆಗೆ ಹೋಗುತ್ತದೆ.

ನಮ್ಮ ಹೆಡ್ ಮಾಸ್ಟರ್ ರುದ್ರಪ್ಪನವರಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಯಾವ ಹೊಸ ವಸ್ತು ಶಾಲೆಯೊಳಗೆ ಬಂದರೂ ಅವರಿಗೆ ಅದು ಕಳೆದುಹೋಗುವ ದಿನವೇ ಮೊದಲು ಕಣ್ಣಿಗೆ ಕಟ್ಟುತ್ತಿತ್ತು. "ಇಂಗ್ಲಿಷ್ ಹೇಳ್ಕೊಡೋರು ನೀವೇ ಅಲ್ವಾ, ನೀವೇ ನೋಡ್ಕೊಳಿ ಟೀಚರ್. ಹರಿದ್ರೆ, ಕೊಳೆ ಆದ್ರೆ ನನ್ನ ತಲೆಗ್ ತರ್ಬೇಡಿ ಅಷ್ಟೇ" ಎಂದು ಬೀರುವಿನ ಬೀಗದ ಕೈ ಕೊಟ್ಟರು.

ಪೆಟ್ಟಿಗೆಯಲ್ಲಿ ಮುನ್ನೂರ ಹನ್ನೆರಡು ಪುಸ್ತಕಗಳಿದ್ದವು. ಹೆಚ್ಚಿನವು ಬಣ್ಣದ ಚಿತ್ರಗಳ ತೆಳ್ಳನೆಯ ಕಥೆ ಪುಸ್ತಕಗಳು. ಮೂಲೆ ಸವೆದಿದ್ದವು, ರಟ್ಟು ಸಡಿಲವಾಗಿತ್ತು, ಕೆಲವಕ್ಕೆ ಯಾವುದೋ ಮಗುವಿನ ಜ್ಯಾಮಿನ ಕಲೆ. ಆಗ ನಾನು ಮಾಡಿದ ಕೆಲಸವನ್ನು ಕೇಳಿ ಈಗಿನವರು ನಗಬಹುದು, ಆಗ ಯಾರೂ ನಗುತ್ತಿರಲಿಲ್ಲ. ನಮ್ಮಲ್ಲಿ ಜೂನ್ ತಿಂಗಳೆಂದರೆ ಪುಸ್ತಕಕ್ಕೆ ಬೈಂಡು ಹಾಕುವ ತಿಂಗಳು. ಖಾಕಿ ಕಾಗದ ಕತ್ತರಿಸಿ, ಮಡಿಸಿ, ರಟ್ಟಿಗೆ ಹೊದಿಸಿ, ಮೇಲೆ ಲೇಬಲ್ ಅಂಟಿಸಿದರೇ ಅದು ಪುಸ್ತಕ. ಬೈಂಡಿಲ್ಲದ ಪುಸ್ತಕ ತಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಹಾಗಿರುವಾಗ ಸಮುದ್ರ ದಾಟಿ ಬಂದ ವಿದ್ಯೆಯನ್ನು ಬರಿಮೈಯಲ್ಲಿ ಬಿಡುವುದುಂಟೇ?

ಕಾಗದ ಕೊಟ್ಟವಳು ನಾಗರತ್ನಳ ತಾಯಿ. ನಾಗರತ್ನ ನನ್ನ ಆರನೇ ತರಗತಿಯ ಹುಡುಗಿ, ಮಾತು ಕಮ್ಮಿ, ಕೈ ಚುರುಕು. ತಾಯಿ ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಕಾರ್ಖಾನೆಯಿಂದ ಬರುವ ಪ್ಯಾಕಿಂಗ್ ಕಾಗದವನ್ನು ಒಂದು ಹೊರೆ ಕಟ್ಟಿ, "ಸರಸ್ವತಿ ಕೆಲ್ಸ, ತಗೊಳಿ ಮಿಸ್" ಎಂದು ತಂದುಕೊಟ್ಟಳು. ಮೂರು ವಾರ ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಕೂತು ಮೈದಾ ಅಂಟು ಕಲಸಿ ಮುನ್ನೂರ ಹನ್ನೆರಡಕ್ಕೂ ಬೈಂಡು ಹಾಕಿದೆ. ಬಿಚ್ಚಿಕೊಳ್ಳಬಾರದೆಂದು ಮಡಿಕೆಗಳನ್ನು ರಟ್ಟಿನ ಒಳಭಾಗಕ್ಕೆ ಅಂಟಿಸಿದೆ. ಲೇಬಲ್ಲಿನ ಮೇಲೆ ದುಂಡು ಅಕ್ಷರದಲ್ಲಿ ನಂಬರು ಬರೆದೆ. ಬೀರು ತೆಗೆದರೆ ಊದುಬತ್ತಿಯ ವಾಸನೆ, ಒಳಗೆ ಒಂದೇ ಬಣ್ಣದ ಸಾಲು. ಎಷ್ಟು ಚೆಂದ ಕಂಡಿತೆಂದರೆ ರುದ್ರಪ್ಪನವರು ಕೂಡ ಎರಡು ನಿಮಿಷ ನಿಂತು ನೋಡಿದರು.

ಹಂಚುವ ಕ್ರಮವೂ ನನ್ನದೇ. ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡು ಲೈಬ್ರರಿ. ಹಾಜರಿ ನಂಬರಿನ ಪ್ರಕಾರ ಸಾಲಾಗಿ ಬರಬೇಕು, ಸಾಲಿನಲ್ಲಿ ಮುಂದಿರುವ ಪುಸ್ತಕ ಒಯ್ಯಬೇಕು, ಮುಂದಿನ ಶನಿವಾರ ವಾಪಸು. ಆರಿಸಲು ಬಿಟ್ಟರೆ ಗಲಾಟೆ, ಗಲಾಟೆಯಾದರೆ ಹರಿಯುತ್ತದೆ, ಹರಿದರೆ ರುದ್ರಪ್ಪನವರ ಮುಖ ನೋಡಬೇಕು. ಕೊಟ್ಟ ತಾರೀಖು, ಬಂದ ತಾರೀಖು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದೆ. ಆರು ತಿಂಗಳಲ್ಲಿ ಒಂದು ಪುಸ್ತಕವೂ ಕಳೆಯಲಿಲ್ಲ. ಒಂದು ಹಾಳೆಯೂ ಮುದುರಲಿಲ್ಲ. ಹನ್ನೊಂದು ವರ್ಷದ ಸರ್ವಿಸಿನಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ಮಾಡಿರಲಿಲ್ಲವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಡಿಸೆಂಬರಿನಲ್ಲಿ ಶ್ರೀನಿವಾಸಯ್ಯನವರು ಬಂದರು. ರಿಜಿಸ್ಟರು ತಿರುವಿ, "ಪೋಸ್ಟಾಫೀಸಲ್ಲೂ ಇಷ್ಟು ನೀಟಾಗಿ ಇಡ್ತಿರ್ಲಿಲ್ಲಮ್ಮ" ಎಂದರು. ನಾನು ಉಬ್ಬಿದೆ. ಆಮೇಲೆ ಅವರು ಆರನೇ ತರಗತಿಗೆ ಹೋಗಿ ಮಕ್ಕಳನ್ನು ಕೇಳಿದರು: "ನಿಮಗೆಲ್ಲ ಯಾವ ಪುಸ್ತಕ ಇಷ್ಟ ಆಯ್ತು?"

ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ನಾಗರತ್ನಳ ಕಡೆ ಕಣ್ಣು ಬಿಟ್ಟೆ. ಅವಳು ಎದ್ದು ನಿಂತು, "ನೂರ ಹದಿನಾಲ್ಕು ಸಾರ್" ಎಂದಳು.

"ಅದ್ರಲ್ಲಿ ಏನಿದೆ ಕಣಮ್ಮ?"

ನಾಗರತ್ನ ನೆಲ ನೋಡಿದಳು. ಅವಳನ್ನು ಪಾರು ಮಾಡಲೆಂದು ಹಿಂದಿನಿಂದ ಒಬ್ಬ "ಇನ್ನೂರ ಮೂರು ಸಾರ್" ಎಂದ. ಇನ್ನೊಬ್ಬಳು "ಎಂಬತ್ತೇಳು" ಎಂದಳು. ಬಸ್ಸಿನ ನಂಬರು ಹೇಳುವಂತೆ ಇಡೀ ಕ್ಲಾಸು ನಂಬರು ಹೇಳಿತು. ಒಬ್ಬರ ಬಾಯಲ್ಲೂ ಒಂದು ಆನೆ, ಒಂದು ಹಡಗು, ಒಬ್ಬ ರಾಜ ಬರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಹೊರಗೆ ಬಂದು ಶ್ರೀನಿವಾಸಯ್ಯನವರು ದನಿ ಏರಿಸದೆ ಹೇಳಿದರು: "ಪುಸ್ತಕ ಮನೇಗ್ ಹೋಗಿದೆ, ಮನೆಯಿಂದ ಬಂದಿದೆ. ಯಾರೂ ತೆಗೆದಿಲ್ಲಮ್ಮ. ಕೆಂಗೇರಿ ಸ್ಕೂಲಿನೋರು ವರ್ಷದಿಂದ ಕಾಯ್ತಿದಾರೆ." ಸಂಕ್ರಾಂತಿ ಕಳೆದ ಮೇಲೆ ಬರುವ ಶುಕ್ರವಾರ ಟೆಂಪೊ ತರುವುದಾಗಿ, ಅಲ್ಲಿಯ ಹೆಡ್ ಮಿಸ್ಟ್ರೆಸ್ಸು ತಮ್ಮದೇ ನಂಬರು ಹಾಕಿಕೊಳ್ಳುವುದರಿಂದ ನಮ್ಮ ಬೈಂಡು, ಲೇಬಲ್ಲು ತೆಗೆದು ಕೊಡಬೇಕೆಂದು ತಿಳಿಸಿದರು. ರುದ್ರಪ್ಪನವರು, "ಹೋಗ್ಲಿ ಬಿಡಿ ಟೀಚರ್, ಒಂದ್ ತಲೆನೋವು ಕಮ್ಮಿ ಆಯ್ತು" ಎಂದರು. ಸುಳ್ಳೇಕೆ ಹೇಳಲಿ, ಅವಮಾನದ ಅಡಿಯಲ್ಲಿ ನನಗೂ ಹಾಯೆನಿಸಿತ್ತು. ಶನಿವಾರ ಒಂದು ಗಂಟೆ ಮುಂಚೆ ಮನೆಗೆ ಹೋಗಬಹುದಿತ್ತು.

ಶುಕ್ರವಾರ ಮಧ್ಯಾಹ್ನ ಉಪ್ಪಿಟ್ಟು ಮುಗಿದ ಮೇಲೆ ಆರನೇ ತರಗತಿಯವರನ್ನು ಜಗುಲಿಯ ಮೇಲೆ ಕೂರಿಸಿ ಒಬ್ಬೊಬ್ಬರಿಗೆ ಐದಾರು ಪುಸ್ತಕ ಕೊಟ್ಟೆ. ಒದ್ದೆ ಬಟ್ಟೆಯಿಂದ ಅಂಟು ನೆನೆಸಿ, ರಟ್ಟು ಕೀಳದಂತೆ ಕಾಗದ ಬಿಡಿಸಬೇಕು. ಟೆಂಪೊ ಮೂರು ಗಂಟೆಗೆ ಬರುವುದಿತ್ತು. ನಾನು ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಕಾಪಿ ತಿದ್ದುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಹೊರಗೆ ಗದ್ದಲ ಎದ್ದಿತು. ಬೈಯಲೆಂದೇ ಎದ್ದು ಬಂದೆ.

ಜಗುಲಿಯ ತುಂಬ ಖಾಕಿ ಕಾಗದದ ಚೂರು. ನಡುವೆ ಕೆಂಪು, ನೀಲಿ, ಹಳದಿ ರಟ್ಟುಗಳು. ಕೆಲಸ ನಿಂತುಹೋಗಿತ್ತು. ನಾಲ್ಕೈದು ತಲೆ ಸೇರಿ ಒಂದೊಂದು ಪುಸ್ತಕದ ಮೇಲೆ ಬಾಗಿದ್ದವು. ಹಿಮ ಬಿದ್ದ ಊರಿನ ಚಿತ್ರ ನೋಡಿ ಒಬ್ಬಳು, "ಅಯ್ಯೋ, ಊರ್ ತುಂಬ ಅಕ್ಕಿಹಿಟ್ಟು ಚೆಲ್ಲವ್ರೆ ಕಣೇ!" ಎನ್ನುತ್ತಿದ್ದಳು. ನಾನು ಮಡಿಕೆ ಅಂಟಿಸಿ ಮುಚ್ಚಿದ್ದ ರಟ್ಟಿನ ಒಳಭಾಗದಲ್ಲಿ ಆ ದೇಶದ ಮಕ್ಕಳು ತಮ್ಮ ಹೆಸರು ಬರೆದುಕೊಂಡಿದ್ದರು, ಬಣ್ಣದ ಪೆನ್ಸಿಲ್ಲಿನಲ್ಲಿ ಗೀಚಿದ್ದರು. ಒಂದು ಪುಸ್ತಕದಲ್ಲಿ ರಾಣಿಗೆ ಯಾರೋ ಮೀಸೆ ಬರೆದಿದ್ದರು. "ಮಿಸ್, ಅವ್ರೂ ನಮ್ಮಂಗೇ ಗೀಚ್ತಾರೆ ಮಿಸ್!" ಎಂದು ಕೂಗಿದ ಹುಡುಗನ ಮುಖದಲ್ಲಿದ್ದ ಸಂತೋಷವನ್ನು ನನ್ನ ಯಾವ ಇಂಗ್ಲಿಷ್ ಪಾಠವೂ ತರಿಸಿರಲಿಲ್ಲ.

ನಾಗರತ್ನ ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಳು. ಕೈಯಲ್ಲಿ ಒಂದು ನಾಯಿಯ ಕಥೆ. ಬಿಡಿಸಿದ ಕಾಗದ ಪಕ್ಕದಲ್ಲೇ ಬಿದ್ದಿತ್ತು, ಅದರ ಮೇಲೆ ನನ್ನ ದುಂಡು ಅಕ್ಷರ: ೧೧೪.

"ಇದು ಒಂದ್ ವಾರ ನಮ್ಮನೇಲೇ ಇತ್ತು ಮಿಸ್" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಬರಿಯ ಆಶ್ಚರ್ಯ.

"ಮತ್ತೆ ಯಾಕೆ ತೆಗೆದು ನೋಡ್ಲಿಲ್ಲ?"

"ಪಾಠದ ಪುಸ್ತಕ ಅನ್ಕೊಂಡ್ವಿ. ಕೊಳೆ ಆದ್ರೆ ನೀವು ಹೊಡೀತೀರ ಅಂತ ಅಮ್ಮ ದೇವರ ಗೂಡಲ್ಲಿ ಇಟ್ಬಿಟ್ಳು. ದಿನಾ ಕುಂಕುಮ ಹಚ್ತಿದ್ಲು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಅಳು ಬಂದಿತ್ತು, ಮಕ್ಕಳ ಮುಂದೆ ಅಳುವ ಹಾಗಿರಲಿಲ್ಲ.

ಟೆಂಪೊ ಹೇಳಿದ ಹೊತ್ತಿಗೆ ಬಂತು. ಶ್ರೀನಿವಾಸಯ್ಯನವರು ಗೇಟಿನ ಹತ್ತಿರವೇ ನಿಂತು ಜಗುಲಿಯನ್ನು ನೋಡಿದರು. ನಾನು ಓಡಿಹೋಗಿ ನಡೆದದ್ದನ್ನೆಲ್ಲ ಹೇಳಿ, "ಒಂದೇ ಒಂದು ತಿಂಗಳು ಕೊಡಿ ಸಾರ್" ಎಂದು ಕೈಮುಗಿದೆ.

"ಕೆಂಗೇರಿ ಮಕ್ಕಳಿಗೆ ಇವತ್ತು ಪುಸ್ತಕ ಬರುತ್ತೆ ಅಂತ ಹೇಳ್ಬಿಟ್ಟಿದೀನಮ್ಮ. ಗೇಟಲ್ಲಿ ಕಾಯ್ತಿರ್ತಾರೆ. ಅವರಿಗೆ ಏನ್ ಹೇಳ್ಲಿ, ನೀವೇ ಹೇಳಿ?"

ಅಲ್ಲಿಯವೂ ಮಕ್ಕಳೇ. ಶ್ರೀನಿವಾಸಯ್ಯನವರು ಡ್ರೈವರಿಗೆ ಇಂಜಿನ್ ಆರಿಸಲು ಹೇಳಿ, ಬೆಲ್ ಹೊಡೆಯುವವರೆಗೆ ಕಾಯುತ್ತೇನೆಂದು ಕಟ್ಟೆಯ ಮೇಲೆ ಕೂತರು. ಹೀಗೆ ಆರು ತಿಂಗಳ ನಮ್ಮ ಲೈಬ್ರರಿ ನಿಜವಾಗಿ ನಡೆದದ್ದು ಒಂದೂವರೆ ಗಂಟೆ. ನಾಲ್ಕೂವರೆಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟರು. ಇಂಗ್ಲಿಷ್ ಓದಲು ಹೆಚ್ಚು ಬಾರದ ನಾಗರತ್ನ ಚಿತ್ರ ನೋಡುತ್ತ, ಅಕ್ಷರ ಕೂಡಿಸುತ್ತ ನಾಯಿಯ ಕಥೆಯ ಅರ್ಧಕ್ಕೆ ಬಂದಿದ್ದಳು. ಅವಳ ಕೈಯಿಂದ ಅದನ್ನು ನಾನೇ ತೆಗೆದುಕೊಳ್ಳಬೇಕಾಯಿತು.

ಸೋಮವಾರ ಪ್ರಾರ್ಥನೆ ಮುಗಿದ ಕೂಡಲೆ ಅವಳು ನನ್ನ ಹತ್ತಿರ ಬಂದಳು. "ಮಿಸ್, ಆ ನಾಯಿ ದೋಣಿ ಹತ್ತಿ ಬೇರೆ ಊರಿಗೆ ಹೋಗ್ಬಿಡ್ತಲ್ಲ, ಕೊನೇಗೆ ಮನೆ ಸೇರ್ತಾ?"

ನನಗೆ ಗೊತ್ತಿರಲಿಲ್ಲ. ಆ ಪುಸ್ತಕವನ್ನು ಕತ್ತರಿಸಿದ ಕಾಗದದಲ್ಲಿ ಸುತ್ತಿದ್ದೆ, ನಂಬರು ಬರೆದಿದ್ದೆ, ಎಷ್ಟೋ ಸಲ ಕೈಯಿಂದ ಕೈಗೆ ದಾಟಿಸಿದ್ದೆ. ಓದಿರಲಿಲ್ಲ. ಅದೊಂದೇ ಅಲ್ಲ, ಮುನ್ನೂರ ಹನ್ನೆರಡರಲ್ಲಿ ಒಂದನ್ನೂ ಓದಿರಲಿಲ್ಲ. ಮಕ್ಕಳು ಪುಸ್ತಕ ತೆಗೆದಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡವಳು ನಾನೂ ತೆಗೆದಿರಲಿಲ್ಲ. "ನೋಡಿ ಹೇಳ್ತೀನಿ" ಎಂದೆ.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಬಸ್ಸು ಬದಲಾಯಿಸಿ ಕೆಂಗೇರಿಗೆ ಹೋದೆ. ಅಲ್ಲಿಯ ಹೆಡ್ ಮಿಸ್ಟ್ರೆಸ್ ಸರೋಜಮ್ಮನವರು ಇನ್ನೂ ಶಾಲೆಯಲ್ಲೇ ಇದ್ದರು. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಿದ್ದರು. ಮುಂದೆ ಮೈದಾ ಅಂಟಿನ ಬಟ್ಟಲು, ಖಾಕಿ ಕಾಗದದ ಸುರುಳಿ, ಪಕ್ಕದಲ್ಲಿ ಬೈಂಡು ಹಾಕಿ ಮುಗಿಸಿದ ನಲವತ್ತು ಪುಸ್ತಕ.

"ನೋಡಿ, ಒಂದೂ ಕೊಳೆ ಆಗ್ಬಾರ್ದು ನಂಗೆ" ಎಂದು ಹೆಮ್ಮೆಯಿಂದ ತೋರಿಸಿದರು.

"ಇದರಲ್ಲಿ ದೋಣಿ ಹತ್ತೋ ನಾಯಿ ಕಥೆ ಯಾವುದು?" ಎಂದು ಕೇಳಿದೆ.

"ಅಯ್ಯೋ, ಅದೆಲ್ಲಿ ಗೊತ್ತಾಗುತ್ತೆ. ಲೇಬಲ್ ಇನ್ನೂ ಹಾಕಿಲ್ವಲ್ಲ."

ಗುರುತಿಲ್ಲದ ಹೆಂಗಸಿನ ಮುಂದೆ ನನ್ನ ದಡ್ಡತನವನ್ನು ಬಿಚ್ಚಿಡುವುದು ಸುಲಭವಾಗಿರಲಿಲ್ಲ. ಆದರೂ ಹೇಳಿದೆ. ರಿಜಿಸ್ಟರು, ನಂಬರು, ಕುಂಕುಮ, ಒಂದೂ ಬಿಡದೆ ಹೇಳಿ, ಈ ಪೆಟ್ಟಿಗೆಗಳು ನಿಮ್ಮಲ್ಲಿಗೆ ಬಂದದ್ದು ಇದೇ ಕಾಗದದಿಂದ ಎಂದೆ. ಸರೋಜಮ್ಮನವರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

"ಮತ್ತೆ ಹರಿದ್ಹೋದ್ರೆ?"

"ಹರೀಲಿ ಬಿಡಿ" ಎಂದೆ. ಹನ್ನೊಂದು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಇಬ್ಬರೂ ಕೂತು ಅಂಟು ಒಣಗುವ ಮುಂಚೆ ಕಾಗದ ಬಿಡಿಸಿದೆವು. ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ ಪುಸ್ತಕ ನನ್ನ ನಾಯಿಯದು. ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ನಾಯಿ ತಾನಾಗಿ ಮನೆ ಸೇರುವುದಿಲ್ಲ, ಅದನ್ನು ಸಾಕಿದ ಹುಡುಗಿಯೇ ಹುಡುಕಿಕೊಂಡು ಆ ಊರಿಗೆ ಬರುತ್ತಾಳೆ. ಓದಿ ಮುಗಿಸಲು ಹತ್ತು ನಿಮಿಷ ಹಿಡಿಯಿತು. ಬೈಂಡು ಹಾಕಲು ಮೂರು ವಾರ ಹೊಂದಿಸಿಕೊಂಡವಳಿಗೆ ಆ ಹತ್ತು ನಿಮಿಷ ಆರು ತಿಂಗಳಲ್ಲಿ ಸಿಕ್ಕಿರಲಿಲ್ಲ.

ಸೋಮವಾರ ನಾಗರತ್ನಳಿಗೆ ಕಥೆ ಹೇಳಿದೆ. ಗಮನವಿಟ್ಟು ಕೇಳಿ, "ಕೊನೇ ಚಿತ್ರ ಹೆಂಗಿತ್ತು ಮಿಸ್?" ಎಂದಳು. ಸೇತುವೆ, ಮಳೆ, ಹುಡುಗಿಯ ಹಳದಿ ಕೋಟು, ಎಲ್ಲ ವರ್ಣಿಸಿದೆ. "ಹೌದಾ" ಎಂದು ತನ್ನ ಜಾಗಕ್ಕೆ ಹೋದಳು. ನಮ್ಮ ಶಾಲೆಗೆ ಮತ್ತೆ ಪೆಟ್ಟಿಗೆ ಬರಲಿಲ್ಲ. ಆ ಚಿತ್ರವನ್ನು ಅವಳು ನೋಡಲೂ ಇಲ್ಲ.

ಆಮೇಲೆ ಇಪ್ಪತ್ತು ವರ್ಷ ಸರ್ವಿಸ್ ಮಾಡಿದೆ. ದಣಿವು ಕಡಿಮೆಯಾಗಲಿಲ್ಲ, ಕೆಲಸವೂ ಕಡಿಮೆಯಾಗಲಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ದಣಿದವರ ಕೈಗೆ ಕಾಪಾಡುವ ಕೆಲಸ ಸುಲಭವಾಗಿ ಒಗ್ಗುತ್ತದೆ, ಕೊಡುವ ಕೆಲಸ ಒಗ್ಗುವುದಿಲ್ಲ. ಅದಕ್ಕೇ ಮುಂದೆ ಯಾವ ಶಾಲೆಗೆ ವರ್ಗವಾದರೂ ಮಕ್ಕಳಿಗೆ ಒಂದು ಪುಸ್ತಕ ಕೊಡುವ ಮುಂಚೆ ಅವರ ಎದುರಿನಲ್ಲೇ ಕೂತು ನಾನು ಅದನ್ನು ಓದುತ್ತಿದ್ದೆ. ಅರ್ಧ ಓದುವಷ್ಟರಲ್ಲಿ ಯಾರಾದರೊಬ್ಬರು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದರು.