ಮಚ್ಚು ಹೊಸ್ತಿಲು ದಾಟಿರಲಿಲ್ಲ

ರಂಗಪ್ಪ, ಅದು ಗಾಬರಿಯಲ್ಲ. ಜೈಲಿನಲ್ಲಿ ಕೂತು ನನ್ನ ಪರವಾಗಿ ನೀನು ಹುಡುಕಿಕೊಂಡ ಆ ಕಾರಣ ಸುಳ್ಳು. ತಿಪಟೂರಿನ ಕೋರ್ಟಿನಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ, ನಿನ್ನ ಕೈಯಲ್ಲಿ ಮಚ್ಚಿತ್ತು ಎಂದು ಹೇಳಿದೆನಲ್ಲ—ಇರಲಿಲ್ಲವೆಂದು ಗೊತ್ತಿದ್ದೇ ಹೇಳಿದೆ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೊಟ್ಟೆ ತುಂಬ ತಿಂಡಿ ತಿಂದು ಬಂದು ಹೇಳಿದೆ. ಆ ಒಂದು ಮಾತಿಗೆ ನಿನಗೆ ಏಳು ವರ್ಷ ಶಿಕ್ಷೆಯಾಯಿತು. ಈಗ ನಾಲ್ಕನೆಯದು ನಡೆಯುತ್ತಿದೆ.

ಇದನ್ನು ಊರಿನವರೂ ಓದಲಿ ಎಂದೇ ಬರೆಯುತ್ತಿದ್ದೇನೆ, ಆದ್ದರಿಂದ ನಾವಿಬ್ಬರು ಯಾರೆಂದು ಹೇಳಬೇಕು. ನಾನು ಗಿರಿಜಮ್ಮ, ತುರುವೇಕೆರೆ ತಾಲ್ಲೂಕಿನ ತೆಂಗಿನ ತೋಟದ ಮನೆಯವಳು. ನೀನು ಹುಳಿಯಾರಿನ ಕಡೆಯ ಹಟ್ಟಿಯವನು. ಕುರಿ ನಿಮ್ಮ ಮನೆತನದ ಕಸುಬು, ಆದರೆ ಕೊಬ್ಬರಿ ಸುಲಿಯುವ ಕಾಲ ಬಂದರೆ ಮಂದೆಯನ್ನು ಹೆಂಡತಿ ಕೆಂಚಮ್ಮನಿಗೆ ಬಿಟ್ಟು ನಮ್ಮ ಅಂಗಳಕ್ಕೆ ಬಂದು ಕೂರುತ್ತಿದ್ದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಬಿಡಿಸಿ, ಒಳಗಿನ ಕೊಬ್ಬರಿಯನ್ನು ಒಡೆಯದೆ ಉಂಡೆಯಾಗಿ ತೆಗೆಯುವ ಕೆಲಸ ನಿನ್ನದು. ನಮ್ಮ ಮನೆಯಲ್ಲಿ ನಮ್ಮತ್ತೆಯ ಕಾಲದಿಂದ ಒಂದು ಕಟ್ಟುಪಾಡು. ಮಚ್ಚು ಹೊಸ್ತಿಲು ದಾಟಬಾರದು. ನೀರಿಗೆ ಬಂದರೂ ಊಟಕ್ಕೆ ಬಂದರೂ, ಸುಲಿಯುವವರು ಅದನ್ನು ಅಂಗಳದ ಮರದ ಕೊರಡಿಗೆ ನೆಟ್ಟೇ ಒಳಗೆ ಬರಬೇಕು. ಅತ್ತೆ ಹೋದರು, ಕಟ್ಟುಪಾಡು ಹೋಗಲಿಲ್ಲ. ನೀನಂತೂ ಅದನ್ನು ಒಮ್ಮೆಯೂ ಮರೆತವನಲ್ಲ.

ಆ ದಿನ ಮಧ್ಯಾಹ್ನವೂ ಮರೆತಿರಲಿಲ್ಲ. ನಮ್ಮ ಯಜಮಾನರು ತಿಪಟೂರಿನ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಕೊರಡಿಗೆ ಮಚ್ಚು ನಾಟಿದ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ಮಚ್ಚು ಅಲ್ಲಿ ನಿಂತಿತ್ತು, ನೀನು ಮನೆಯ ಕಡೆ ಬರುತ್ತಿದ್ದೆ. ಪಾಪ, ಬಾಯಾರಿರಬೇಕು ಎಂದುಕೊಂಡು ನಾನೇ ಚೊಂಬಿನಲ್ಲಿ ನೀರು ತಂದೆ. ನಡುಮನೆಗೆ ಬಂದರೆ ಕೊಬ್ಬರಿಯ ಚೀಲ ನಿನ್ನ ಹೆಗಲ ಮೇಲಿತ್ತು.

ಕದಿಯಲು ಬರುವಾಗಲೂ ನೀನು ನಮ್ಮತ್ತೆಯ ಮಾತು ನಡೆಸಿಕೊಟ್ಟಿದ್ದೆ. ಇದನ್ನು ನೆನೆದರೆ ಈಗಲೂ ನನಗೆ—ಏನೆನ್ನಲಿ, ನಗು ಬರುವುದಿಲ್ಲ, ಅಳುವೂ ಅಲ್ಲ. ಮೈ ಜುಮ್ಮೆನ್ನುತ್ತದೆ.

ನಾನು ಚೊಂಬು ಬಿಸಾಕಿ ಚೀಲ ಹಿಡಿದೆ. ಬಾಯಿಗೆ ಬಂದದ್ದು ಬೈದೆ. ನೀನು ಎಳೆದೆ, ನಾನು ಬಿಡಲಿಲ್ಲ. ನೀನು ತಳ್ಳಿದೆ; ನಾನು ಒರಳುಕಲ್ಲಿನ ಮೇಲೆ ಬಿದ್ದೆ. ಗಾಜಿನ ಬಳೆ ಒಡೆದು ಮುಂಗೈಗೆ ಹೊಕ್ಕಿತು. ರಕ್ತ ನೋಡಿ ನೀನು ಚೀಲ ಹೊತ್ತುಕೊಂಡೇ ಓಡಿದೆ. ಊರ ಬಾಗಿಲಲ್ಲೇ ಸಿಕ್ಕಿಬಿದ್ದೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ಕೇಳಿದರು, “ಕೈಲಿ ಮಚ್ಚಿತ್ತೇನಮ್ಮ?” ನಾನೆಂದೆ, “ಇಲ್ದೆ ಇರ್ತದಾ? ಕೊಬ್ಬರಿ ಸುಲಿಯೋನಲ್ವಾ?” ನಮ್ಮ ಕಡೆ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಸುಲಿಯುವವನೆಂದರೆ ಮಚ್ಚಿನವನು. ಹೆಗಲ ಟವೆಲ್ಲಿನ ಹಾಗೆ ಅದು ಮೈಮೇಲೇ ಇರುತ್ತದೆ ಎಂಬ ಲೆಕ್ಕ. ಅದು ಬರಹದಲ್ಲಿ ‘ಮಚ್ಚು ತೋರಿಸಿ ಬೆದರಿಸಿ’ ಎಂದಾಯಿತು. ಓದಿ ಹೇಳಿದರು. ಕೈ ನೋಯುತ್ತಿತ್ತು, ಸಿಟ್ಟು ಕುದಿಯುತ್ತಿತ್ತು, ಹೂಂ ಎಂದು ಸಹಿ ಹಾಕಿದೆ. ಅಲ್ಲಿಯವರೆಗಿನದನ್ನು ನೀನು ಗಾಬರಿ ಎಂದು ಕರೆದರೆ ನಾನು ಬೇಡವೆನ್ನುವುದಿಲ್ಲ.

ಆದರೆ ಆಮೇಲೆ? ಆಮೇಲೆ ನಾನು ದೊಡ್ಡ ಮನುಷ್ಯಳಾದೆ, ರಂಗಪ್ಪ. ಮಚ್ಚು ಹಿಡಿದು ನುಗ್ಗಿದವನನ್ನು ಬರಿಗೈಯಲ್ಲಿ ತಡೆದ ಹೆಣ್ಣು ಎಂದು ಸುತ್ತಲಿನ ಊರಲ್ಲೆಲ್ಲ ಮಾತಾಯಿತು. ನಮ್ಮೂರಿನ ಮಹಿಳಾ ಸಂಘದವರು ಕುರ್ಚಿ ಹಾಕಿ ಕೂರಿಸಿ ಶಾಲು ಹೊದಿಸಿದರು. ಬಸ್ಸಿನಲ್ಲಿ ಗುರುತಿಲ್ಲದವರೂ ಎದ್ದು ಜಾಗ ಬಿಟ್ಟರು. ಹೇಳುತ್ತ ಹೇಳುತ್ತ ಮಚ್ಚು ಮೇಲಕ್ಕೆದ್ದಿತು, ನನ್ನ ಕತ್ತಿನ ಹತ್ತಿರಕ್ಕೂ ಬಂದಿತು—ತರಿಸಿದವಳು ನಾನೇ. ಮಚ್ಚನ್ನು ತೆಗೆದುಬಿಟ್ಟರೆ ಉಳಿಯುವುದೇನು? ಚೀಲ ಜಗ್ಗಾಡಿ ಬಿದ್ದ ಒಬ್ಬ ಬಾಯಿಬಡುಕ ಮುದುಕಿ. ಅದು ನನಗೆ ಬೇಕಿರಲಿಲ್ಲ.

ಕೋರ್ಟಿನ ದಿನ ಬಂತು. ನಿನ್ನ ಪರವಾಗಿ ಒಬ್ಬ ಯುವ ವಕೀಲರಿದ್ದರು, ಮೀಸೆಯೂ ಸರಿಯಾಗಿ ಬಂದಿರದವರು. ಎಲ್ಲವನ್ನೂ ಬಿಟ್ಟು ನೇರ ಅಲ್ಲಿಗೇ ಬಂದರು. “ಅಮ್ಮ, ಆ ಹೊತ್ತಿನಲ್ಲಿ ಮಚ್ಚು ಅಂಗಳದ ಕೊರಡಿಗೆ ನೆಟ್ಟಿತ್ತು, ಅಲ್ಲವೇ?”

ಕಿಟಕಿಯಲ್ಲಿ ಕಂಡದ್ದು ಕಣ್ಣಿಗೆ ಕಟ್ಟಿತು—ಕೊರಡು, ಮಚ್ಚು, ಸುತ್ತ ಚಿಪ್ಪಿನ ರಾಶಿ. ಒಂದು ಕ್ಷಣ, ಬಹಳವಾದರೆ ಎರಡು.

“ಇಲ್ಲ. ಅವನ ಕೈಲೇ ಇತ್ತು.”

ನೀನು ತಲೆ ಎತ್ತಿ ನನ್ನನ್ನು ನೋಡಿದೆ. ಅದರಲ್ಲಿ ಸಿಟ್ಟಿದ್ದಿದ್ದರೆ ನಾನು ಮರೆತುಬಿಡುತ್ತಿದ್ದೆ. ಆಶ್ಚರ್ಯವಿತ್ತು. ಅಮ್ಮಾರು ಹೀಗೂ ಹೇಳಬಲ್ಲರೇ ಎಂಬ ಹಾಗೆ.

ಮನಸ್ಸಿನಲ್ಲಿ ನಾನೊಂದು ಲೆಕ್ಕ ಹಾಕಿಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಕೆಲಸ ಹೇಳುವುದು, ತೂಗಿ ನೋಡುವುದು ಜಡ್ಜ್ ಅವರ ಕೆಲಸ. ಓದಿದವರು, ಎದುರಿಗಿರುವವನ ಮುಖ ನೋಡುತ್ತಾರೆ, ಒಂದು ಚೀಲ ಕೊಬ್ಬರಿಗೆ ಎಷ್ಟು ಕೊಡಬೇಕೋ ಅಷ್ಟು ಕೊಟ್ಟು ಕಳಿಸುತ್ತಾರೆ. ಹೇಗೂ ವಿಚಾರಣೆ ಮುಗಿಯುವ ತನಕ ನೀನು ಒಳಗಿದ್ದೆ, ಅದೇ ಸಾಕೆಂದರೂ ಎನ್ನಬಹುದು. ಕರುಣೆಯನ್ನು ಅವರ ತಲೆಗೆ ಕಟ್ಟಿ ನಾನು ಹಗುರಾಗಿ ಮನೆಗೆ ಬಂದಿದ್ದೆ.

ತೀರ್ಪಿನ ದಿನವೂ ಹೋದೆ. ಶಿಕ್ಷೆ ಹೇಳುವ ಮೊದಲು ಜಡ್ಜ್ ನಿನ್ನನ್ನು ಕೇಳಿದರು, ಏನಾದರೂ ಹೇಳುವುದಿದೆಯೇ ಎಂದು. ಅವರೂ ಹೆಂಗಸೇ, ನನಗಿಂತ ಚಿಕ್ಕವರು.

“ಚೀಲ ಎತ್ತಿದ್ದು ದಿಟ ಸ್ವಾಮಿ. ಯಾಕೆ ಎತ್ತಿದ್ನೋ ನಂಗೇ ಗೊತ್ತಿಲ್ಲ, ಕಣ್ಮುಂದೆ ಇತ್ತು. ಅಮ್ಮಾರ್ನ ತಳ್ಳಿದ್ದೂ ದಿಟ, ತಪ್ಪಾಯ್ತು. ಮಚ್ಚು ಮಾತ್ರ ನಾನು ಒಳೀಕೆ ತಂದಿಲ್ಲ.”

ಅವರು ಬಹಳ ಹೊತ್ತು ಕಾಗದ ನೋಡುತ್ತಿದ್ದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು: “ಸುಲಿಗೆಯಲ್ಲಿ ಮಾರಕ ಆಯುಧ ಬಳಸಿದ್ದು ಸಾಕ್ಷಿಯಿಂದ ಸಾಬೀತಾಗಿದೆಯಪ್ಪ. ಹಾಗಾದ ಮೇಲೆ ಏಳು ವರ್ಷಕ್ಕಿಂತ ಕಡಿಮೆ ಮಾಡುವ ಅಧಿಕಾರ ನನಗಿಲ್ಲ. ಇದ್ದಿದ್ದರೆ—” ಅಲ್ಲಿಗೇ ನಿಲ್ಲಿಸಿದರು.

ಅವರು ಒಳಗೆ ಬಂದರೆ ಇಡೀ ಕೋರ್ಟು ಎದ್ದು ನಿಲ್ಲುತ್ತದೆ. ಅಂಥವರ ಕೈ ಕಟ್ಟಿತ್ತು. ನಿನ್ನ ಮುಖ ನೋಡಿದ್ದರು, ಮಾತು ಕೇಳಿದ್ದರು, ನಂಬಿದ್ದರೋ ಏನೋ ಅದನ್ನೂ ನಾನರಿಯೆ—ಆದರೂ ಅವರಿಂದ ಒಂದು ದಿನವನ್ನೂ ಇಳಿಸಲಾಗಲಿಲ್ಲ. ಆ ಕೋಣೆಯಲ್ಲಿ ನಿನಗೆ ಕರುಣೆ ತೋರಿಸುವ ಅಧಿಕಾರ ಒಬ್ಬರಿಗೇ ಇತ್ತು. ಅದು ನನಗಿತ್ತು. ಅವರ ಆ ದೊಡ್ಡ ಕುರ್ಚಿಗಿಲ್ಲದ ಬಲ ನನ್ನ ನಾಲಗೆಗಿತ್ತು, ಮತ್ತು ನಾನದನ್ನು ಒಂದು ಶಾಲಿಗಾಗಿ ಖರ್ಚು ಮಾಡಿ ಮುಗಿಸಿದ್ದೆ. ಎದ್ದು ನಿಂತು ಕೂಗಬೇಕಿತ್ತು, ನಾನು ಹೇಳಿದ್ದು ಸುಳ್ಳು ಎಂದು. ಬಾಯಿ ತೆರೆಯಲೇ ಇಲ್ಲ. ನಿನ್ನನ್ನು ಕರೆದುಕೊಂಡು ಹೋದರು, ನಾವು ಬಸ್ಸು ಹಿಡಿದು ಊರಿಗೆ ಬಂದೆವು.

ಒಮ್ಮೆ ಯಜಮಾನರ ಹತ್ತಿರ ಬಾಯಿಬಿಟ್ಟೆ. ಅವರು ಕೆಟ್ಟವರಲ್ಲ. “ಕಾನೂನು ಸುಮ್ನೆ ಹಂಗ್ ಮಾಡಿಲ್ಲ ಕಣೇ,” ಎಂದರು. “ಕಡಿಮೆ ಅಂದ್ರೂ ಇಷ್ಟು ಅಂತ ಗೆರೆ ಎಳೀದೇ ಇದ್ರೆ ದುಡ್ಡಿರೋನು ಅತ್ತು ಕರೆದು ಬಚಾವಾಗ್ತಾನೆ, ಇಲ್ಲದೋನು ಒಳಗಿರ್ತಾನೆ. ಆಗಿದ್ದು ಆಗೋಯ್ತು, ಬುಡು.” ಅವರ ಮಾತಿನಲ್ಲೂ ಹುರುಳಿದೆ. ಇದನ್ನು ವಾದಿಸುವಷ್ಟು ನಾನು ಓದಿಲ್ಲ. ಆದರೆ ಯಾರ ಮುಖವನ್ನೂ ನೋಡದ ಕಾನೂನಿಗೆ ಸಾಕ್ಷಿಯ ಬಾಯಾದರೂ ಶುದ್ಧವಾಗಿರಬೇಕಲ್ಲ. ಇಷ್ಟು ಹೊಳೆದ ಮೇಲೂ ನಾನು ಬಿಟ್ಟೆ. ವರ್ಷಗಳು ಹೋದವು.

ಈ ಸಲ ಸುಲಿಯುವ ಕಾಲಕ್ಕೆ ಕೆಂಚಮ್ಮ ನಮ್ಮ ಅಂಗಳಕ್ಕೆ ಬಂದಳು. ಜಗಳಕ್ಕೆ ಬಂದಳೆಂದು ಸೆರಗು ಬಿಗಿದುಕೊಂಡು ನಿಂತೆ. ಅವಳು ಬಂದದ್ದು ಕೆಲಸ ಕೇಳಲು.

“ಯಾರೂ ಸೇರಿಸ್ತಿಲ್ಲ ಅಮ್ಮಾರೆ. ಮಚ್ಚೆತ್ತಿದೋನ ಹೆಂಡ್ತಿ ಅಂತಾರೆ. ನೀವೊಬ್ರು ಸೇರಿಸ್ಕಂಡ್ರೆ ಎಲ್ರೂ ಸೇರಿಸ್ಕಂತಾರೆ.”

“ನನ್ ಮೇಲೆ ಸಿಟ್ಟಿಲ್ವೇ?” ಎಂದೆ.

“ಇತ್ತು, ಸುಳ್ಯಾಕೆ ಯೋಳ್ಲಿ. ನೋಡಕ್ ವೋದಾಗ ಅವ್ರೇ ಅಂದ್ರು. ‘ಆಯಮ್ಮನ ಕೈಲಿ ರಕ್ತ ಸೋರ್ತಿತ್ತು ಕಣೇ, ಗಾಬ್ರೀಲಿ ಏನ್ ಕಂಡ್ರೋ ಏನೋ. ನಾನ್ ತಳ್ಳಿದ್ದು ಸುಳ್ಳಾ? ಬೈಬ್ಯಾಡ’ ಅಂತ. ಅದುಕ್ಕೇ ಬಂದೆ.”

ರಂಗಪ್ಪ, ಇಡೀ ಪ್ರಕರಣದಲ್ಲಿ ಎದುರಿನವರ ಜಾಗದಲ್ಲಿ ನಿಂತು ತೂಗಿ ನೋಡಿದವನು ನೀನೊಬ್ಬನೇ. ಪೊಲೀಸರು ಬರೆದುಕೊಂಡರು, ನಾನು ಹೇಳಿದೆ, ಕಾನೂನು ಲೆಕ್ಕ ಹಾಕಿತು. ನೀನು ಮಾತ್ರ ನನ್ನ ಗಾಯ ನೆನೆದೆ, ನಿನ್ನ ತಪ್ಪು ನೆನೆದೆ, ನನಗೊಂದು ರಿಯಾಯಿತಿ ಕೊಟ್ಟೆ. ಅಂಥ ಗೋಡೆಗಳ ನಡುವೆ ಕೂತು ಮನುಷ್ಯನಿಗೆ ಇದು ಎಲ್ಲಿಂದ ಹುಟ್ಟುತ್ತದೆ? ನನಗೆ ತಿಳಿಯದು. ಅಷ್ಟು ದೊಡ್ಡದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದನ್ನು ಇಟ್ಟುಕೊಳ್ಳುವ ಯೋಗ್ಯತೆ ನನಗಿಲ್ಲ, ಏಕೆಂದರೆ ನೀನು ಕ್ಷಮಿಸಿದ್ದು ಗಾಬರಿಬಿದ್ದ ಹೆಂಗಸನ್ನು. ಅವಳು ನಾನಲ್ಲ.

ಕೆಂಚಮ್ಮನಿಗೆ ಅವತ್ತೇ ನಿಜ ಹೇಳಿದೆ. ಅವಳು ಎದ್ದು ಹೋದಳು. ಕೆಲಸಕ್ಕೂ ಬರಲಿಲ್ಲ.

ಮಾರನೆಯ ದಿನ ತಿಪಟೂರಿಗೆ ಹೋಗಿ ನಿನ್ನ ವಕೀಲರನ್ನು ಕಂಡೆ. ಮೀಸೆ ಈಗ ದಟ್ಟವಾಗಿದೆ. ಕೇಳುತ್ತ ಕೇಳುತ್ತ ಅವರ ಕೈಯ ಪೆನ್ನು ನಿಂತಿತು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ನಿನ್ನ ಅಪೀಲು ಬೆಂಗಳೂರಿನ ಹೈಕೋರ್ಟಿನಲ್ಲಿ ಇನ್ನೂ ಬಾಕಿ ಇದೆಯಂತೆ. ನನ್ನ ಹೇಳಿಕೆಯನ್ನು ಪ್ರಮಾಣಪತ್ರವಾಗಿ ಸಲ್ಲಿಸಬಹುದು, ಒಪ್ಪುವುದು ಬಿಡುವುದು ಅಲ್ಲಿನ ಜಡ್ಜುಗಳಿಗೆ ಸೇರಿದ್ದು. ಒಪ್ಪಿದರೆ ಮಚ್ಚು ಬಿದ್ದುಹೋಗುತ್ತದೆ, ಅದರ ಹಿಂದೆಯೇ ಏಳು ವರ್ಷವೂ.

“ಆದರೆ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೆ ಕೇಸಾಗಬಹುದಮ್ಮ.”

“ಕಡಿಮೆ ಅಂದ್ರೆ ಎಷ್ಟು ವರ್ಷ?”

“ಅದಕ್ಕೆ ಕನಿಷ್ಠ ಅಂತ ಏನೂ ಇಲ್ಲ. ನಿಮ್ಮ ವಯಸ್ಸು, ಆರೋಗ್ಯ, ನೀವಾಗೇ ಬಂದು ಒಪ್ಪಿಕೊಂಡಿದ್ದು, ಎಲ್ಲಾ ನೋಡ್ತಾರೆ. ಒಂದೇ ದಿನ ಕೊಟ್ಟರೂ ಕೊಡಬಹುದು.”

ನನ್ನ ಮುಖ ನೋಡುತ್ತಾರಂತೆ, ರಂಗಪ್ಪ. ಚೀಲ ಕದ್ದ ನಿನಗೆ ಇಲ್ಲದ ತಕ್ಕಡಿಯನ್ನು ನಿನ್ನ ಏಳು ವರ್ಷ ಕದ್ದ ನನಗೆ ಇಟ್ಟಿದ್ದಾರೆ. ಇದು ಎಂಥ ಜಗತ್ತು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೆರಗಾದೆ. ಎರಡು ಬಸ್ಸು ತಪ್ಪಿಹೋದವು.

ನಿನ್ನೆ ಸಹಿ ಹಾಕಿ ಬಂದೆ. ವಯಸ್ಸಾಗಿದೆ, ಸಕ್ಕರೆ ಕಾಯಿಲೆಯಿದೆ ಎಂಬುದನ್ನೆಲ್ಲ ಬರೆಯಬೇಡಿ ಎಂದು ವಕೀಲರಿಗೆ ಹೇಳಿದ್ದೇನೆ. ಶಿಕ್ಷೆಗೆ ಮೊದಲು ಜಡ್ಜ್ ನನ್ನನ್ನು ಕೇಳಿದರೆ, ಹೇಳುವುದೇನೂ ಇಲ್ಲ ಎನ್ನುತ್ತೇನೆ. ಯಜಮಾನರು ಮಾತು ಬಿಟ್ಟಿದ್ದಾರೆ. ಊಟಕ್ಕೆ ಬಡಿಸಿದರೆ ಉಣ್ಣುತ್ತಾರೆ, ಅಷ್ಟೇ. ಮಹಿಳಾ ಸಂಘದ ಶಾಲನ್ನು ವಾಪಸು ಕಳಿಸಿದ್ದೇನೆ.

ಬಿಡುಗಡೆಯಾದ ದಿನ ನೀನು ನಮ್ಮೂರಿನ ಕಡೆ ಬರಬೇಡ. ನೇರ ಮನೆಗೆ ಹೋಗು. ಆಗ ನಾನು ಹೊರಗಿದ್ದರೆ ನಾನೇ ಹುಳಿಯಾರಿನ ಬಸ್ಸು ಹತ್ತಿ ನಿಮ್ಮ ಹಟ್ಟಿಗೆ ಬರುತ್ತೇನೆ, ಬಂದು ಬಾಗಿಲಾಚೆ ನಿಲ್ಲುತ್ತೇನೆ. ಒಳಗೆ ಕರೆಯುವುದೋ ಹಾಗೇ ಕಳಿಸುವುದೋ—ಅದನ್ನು ನೀನೂ ಕೆಂಚಮ್ಮನೂ ನನ್ನ ಮುಖ ನೋಡಿ ತೀರ್ಮಾನಿಸಿ. ಅದಕ್ಕೆ ಯಾವ ಕಾನೂನೂ ಇಲ್ಲ.