ನಕಲು ತೆರೆದು ನೋಡದ ನನ್ನ ತಮ್ಮ

ನನ್ನ ತಮ್ಮ ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಗೂಡು. ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ರೇಡಿಯೊ ಯಾಕೆ ಕೆಟ್ಟಿತು ಅಂತ ಬಂದವರಿಗೆಲ್ಲ ಕಥೆಯ ಹಾಗೆ ಹೇಳುವುದು ಅವನ ಚಾಳಿ. ಅದನ್ನು ಕೇಳಿಸಿಕೊಂಡ ಒಬ್ಬ ಸಂಪಾದಕರು, "ಇದನ್ನೇ ಬರೆದುಕೊಡಯ್ಯಾ" ಎಂದು ಕರೆದುಕೊಂಡು ಹೋದರು. ಅವರ ಪತ್ರಿಕೆ ಕಾಗದದ್ದಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಕಾಣುವಂಥದ್ದು. ಹೊಸ ಮೊಬೈಲು ಬರಲಿ, ಹೊಸ ಯಂತ್ರ ಬರಲಿ, ಇವನೇ ಬರೆಯಬೇಕು. ವೆಬ್‌ಸೈಟ್ ನೋಡಿಕೊಳ್ಳುವವನು ಬಿಟ್ಟುಹೋದಾಗ ಆ ಕೆಲಸವನ್ನೂ ಪುಸ್ತಕ ಇಟ್ಟುಕೊಂಡು ಕಲಿತ. ಹತ್ತೊಂಬತ್ತು ವರ್ಷ ಎರಡೂ ಕೆಲಸ ಅವನದೇ.

ಬರೆದದ್ದನ್ನು ಮೊದಲು ನನಗೆ ಓದಿ ಹೇಳುತ್ತಿದ್ದ. ನಾನು ಓದಿದ್ದು ನಾಲ್ಕನೇ ಕ್ಲಾಸು.

"ನಿನಗೆ ತಿಳಿದ್ರೆ ಊರಿಗೇ ತಿಳೀತು ಅಕ್ಕಾ."

"ಅಂದ್ರೆ ಊರಲ್ಲಿ ನನಗಿಂತ ದಡ್ಡರೇ ಇಲ್ವೇನೋ?"

"ಇದ್ದಾರೆ. ನಿನ್ನ ಹಾಗೆ ಒಪ್ಕೊಳ್ಳಲ್ಲ ಅಷ್ಟೆ."

ಹೋದ ವರ್ಷ ಪತ್ರಿಕೆಯನ್ನು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಬೇಕಾಯಿತು. ಮನೆ ಬದಲಿಸಿದ ಹಾಗಂತೆ. ವಾರಕ್ಕೊಮ್ಮೆ ಎಲ್ಲದರ ನಕಲು ತಾನಾಗಿಯೇ ಆಗುವಂತೆ ತಮ್ಮ ಏರ್ಪಾಡು ಮಾಡಿದ್ದ. 'ನಕಲು ಆಯಿತು' ಅಂತ ಸೋಮವಾರ ಸೋಮವಾರ ಸಂದೇಶ ಬರುತ್ತಿತ್ತು. ಅದನ್ನು ನಂಬಿ ಹಳೆಯದನ್ನೆಲ್ಲ ಅಳಿಸಿಬಿಟ್ಟ. ಆಮೇಲೆ ನಕಲು ತೆರೆದರೆ ಚಿತ್ರಗಳಿವೆ, ಅಕ್ಷರ ಒಂದೂ ಇಲ್ಲ. ಅಷ್ಟು ವರ್ಷದಲ್ಲಿ ಒಂದು ಸಲವೂ ತೆರೆದು ನೋಡಿರಲಿಲ್ಲ ಪುಣ್ಯಾತ್ಮ. ನಕಲು ಇಟ್ಟರೆ ಸಾಲದು, ತೆರೆದು ನೋಡಿ ಎಂದು ಓದುಗರಿಗೆ ಬುದ್ಧಿ ಹೇಳಿದವನೂ ಇವನೇ. ದೀಪದ ಬುಡದಲ್ಲೇ ಕತ್ತಲು.

ಕೆಲಸ ಹೋಯಿತು. ವಯಸ್ಸು ಐವತ್ತಮೂರು. ಇನ್ನೊಂದು ಕಚೇರಿಯವರು ಕರೆದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಇದು ತಪ್ಪಿದರೆ ಈ ವಯಸ್ಸಿನಲ್ಲಿ ಇನ್ಯಾರೂ ಕರೆಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಬಂದು ಹೇಳಿದ. ಅಲ್ಲಿದ್ದವಳು ಮಗಳ ವಯಸ್ಸಿನವಳಂತೆ.

"ಸರ್, ನೀವು ಬರೆದದ್ದು ಏನಾದ್ರೂ ತೋರಿಸಿ."

"ಎಲ್ಲಾ ಅಳಿಸಿಹೋಯ್ತಮ್ಮಾ."

"ಯಾರು ಅಳಿಸಿದ್ರು?"

"ನಾನೇ."

"ಹಾಗಾದ್ರೆ ನಮ್ಮ ವೆಬ್‌ಸೈಟು ನಿಮ್ಮ ಕೈಗೆ ಹೇಗೆ ಕೊಡೋದು ಸರ್?"

ನಾನು ಬೈದೆ. "ಬೇರೆ ಯಾರೋ ಅಳಿಸಿದ್ರು ಅನ್ನಬಾರದಿತ್ತೇನೋ?"

"ಅಲ್ಲಿ ಬೇರೆ ಯಾರಿದ್ರು ಅಕ್ಕಾ?"

ಅವನು ಓದಿ ಹೇಳಿದ್ದು ನನಗೆ ಬಾಯಿಪಾಠವೇ ಇತ್ತು. ನಾನು ಹೇಳುತ್ತಾ ಹೋದೆ, ಅವನು ಟೈಪು ಮಾಡಿದ. ನಾಲ್ಕು ದಿನಕ್ಕೆ ಹನ್ನೊಂದು ಲೇಖನ ಆದವು. ಕಾಗದದ ಮೇಲೆ ಮುದ್ರಿಸಿಕೊಂಡು ಮತ್ತೆ ಹೋದ. ಆ ಹುಡುಗಿ ಪಾಪ, ಪೂರ್ತಿ ಓದಿದಳಂತೆ.

"ಚೆನ್ನಾಗಿದೆ ಸರ್. ಆದ್ರೆ ಇವೆಲ್ಲಾ ಪತ್ರಿಕೆಯಲ್ಲಿ ಆಗಲೇ ಬಂದಿದ್ವು ಅನ್ನೋದಕ್ಕೆ ಏನು ಸಾಕ್ಷಿ?"

"ನಮ್ಮಕ್ಕ."

ಅವಳಿಗೆ ನಗು ಬಂದಿತಂತೆ. ಇವನೂ ನಕ್ಕನಂತೆ. ಕಾಗದಗಳನ್ನು ಅಲ್ಲೇ ಬಿಟ್ಟು ಎದ್ದು ಬಂದ.

"ಇನ್ನೂ ಬೇಕಾದಷ್ಟು ನೆನಪಿವೆ ಕಣೋ. ಕೂತ್ಕೋ, ಹೇಳ್ತೀನಿ" ಎಂದೆ.

"ಬೇಡ ಅಕ್ಕಾ, ಸಾಕು ಮಾಡು" ಎಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದ. ಆಮೇಲೆ ಯಾರೂ ಕರೆಯಲಿಲ್ಲ.