ಖಂಡಪ್ಪನ ಇಂಗ್ಲಿಷ್ ಹಾಡು

ಖಂಡಪ್ಪನ ಬಗ್ಗೆ ಬರೆಯಬೇಕಾದರೆ ಮೊದಲು ನನ್ನ ಬಾಯಿಯ ಬಗ್ಗೆ ಬರೆಯಬೇಕು. ಸುಮ್ಮನಿರಬೇಕಾದಲ್ಲಿ ಮಾತಾಡಿ, ಮಾತಾಡಬೇಕಾದಲ್ಲಿ ಸುಮ್ಮನಿದ್ದು ಬದುಕು ಕಳೆದವನು ನಾನು. ಹೆಸರು ಚನ್ನಯ್ಯ. ಶಹಾಪುರದ ಹತ್ತಿರದ ಕಾಲುವೆ ಕ್ಯಾಂಪಿನಲ್ಲಿ ಸ್ಟೋರ್‌ಕೀಪರ್ ಆಗಿದ್ದೆ. ಖಂಡಪ್ಪ ಹೊರಬೇಕಾಗಿ ಬಂದ ಹೊರೆಯಲ್ಲಿ ಅರ್ಧ ನಾನೇ ಹೊರಿಸಿದ್ದು.

ಖಂಡಪ್ಪ ಸಗರದವನು, ನಮ್ಮ ಕಾಲುವೆಯ ಗೇಜ್ ರೀಡರ್. ಕಾಲುವೆಯ ಗೋಡೆಗೆ ಬಡಿದ ಅಳತೆಪಟ್ಟಿಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ದಿನಕ್ಕೆ ಮೂರು ಸಲ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಈ ಕೆಲಸವನ್ನು ಮನೆಯಲ್ಲಿ ಚಹಾ ಕುಡಿಯುತ್ತಾ ಮಾಡುವ ಮಹಾನುಭಾವರೂ ನಮ್ಮಲ್ಲಿದ್ದರು. ಇವನು ಹಾಗಲ್ಲ. ಒಮ್ಮೆ ಮೇಲಿನ ಊರಿನ ದೊಡ್ಡ ರೈತರೊಬ್ಬರು ರಾತ್ರೋರಾತ್ರಿ ನೀರು ಎಳೆದುಕೊಂಡು, ಅದು ಗೊತ್ತಾಗದ ಹಾಗೆ ಎರಡು ಸೆಂಟಿಮೀಟರ್ ಹೆಚ್ಚಿಗೆ ಬರೆ ಎಂದು ಹೇಳಿಸಿದರು. "ಎರಡು ಸೆಂಟಿಮೀಟರ್ ನೀರು ನೀವ ತಂದು ಸುರೀರಿ, ಬರೀತೀನಿ" ಎಂದು ಹೇಳಿ ಕಳಿಸಿದ. ಇಪ್ಪತ್ತೆಂಟು ವರ್ಷದ ದಿನಗೂಲಿಯವನಿಗೆ ಅಷ್ಟು ಸೊಕ್ಕು ಒಳ್ಳೆಯದಲ್ಲ ಎಂದು ನಾವೆಲ್ಲ ಬುದ್ಧಿ ಹೇಳಿದೆವು. ಕೇಳಿಸಿಕೊಂಡ, ಅಷ್ಟೇ.

ಇಂಥವನ ಕೈಗೆ ಗಿಟಾರು ಬಂದದ್ದು ಒಬ್ಬ ಎಳೆಯ ಇಂಜಿನಿಯರರಿಂದ. ತೊಂಬತ್ತರ ಸುಮಾರಿಗೆ ಎಲ್ಲಿಂದಲೋ ಬಂದಿದ್ದ ಆ ಸಾಹೇಬರು ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರು, ಅದಕ್ಕೆ ಹಚ್ಚುವ ಸ್ಪೀಕರ್ ಪೆಟ್ಟಿಗೆ, ಒಂದು ಕ್ಯಾಸೆಟ್ಟು ತಂದಿದ್ದರು. ಸಂಜೆ ಗೇಜಿನ ಕಟ್ಟೆಯ ಮೇಲೆ ಕೂತು ಖಂಡಪ್ಪನಿಗೆ ತಂತಿ ಹೊಂದಿಸುವುದನ್ನೂ ನಾಲ್ಕಾರು ಹಿಡಿತಗಳನ್ನೂ ತೋರಿಸಿಕೊಟ್ಟರು. ವರ್ಷ ತುಂಬುವುದರೊಳಗೆ ವರ್ಗವಾಯಿತು. ಹೋಗುವಾಗ ಎಲ್ಲವನ್ನೂ ಕ್ಯಾಂಪಿನ ಕ್ಲಬ್ಬಿಗೆ ಬಿಟ್ಟು ಹೋದರು. ಕ್ಲಬ್ಬಿನವರು ಅದನ್ನು ನನ್ನ ಸ್ಟೋರಿಗೆ ತಳ್ಳಿದರು. ನಾನು ಖಂಡಪ್ಪನಿಗೆ ಕೊಟ್ಟೆ.

ಗೇಜಿನ ಗುಡಿಸಲಲ್ಲಿ ಕರೆಂಟು ಇರಲಿಲ್ಲ. ನನ್ನ ಮನೆ ಕ್ಯಾಂಪಿನ ಹೊರಗೆ, ಕಾಲುವೆ ದಂಡೆಗೆ ಹತ್ತಿಕೊಂಡಿತ್ತು. ಮಧ್ಯಾಹ್ನದ ಅಳತೆ ಬರೆದು ಮುಗಿಸಿ ಅವನು ನಮ್ಮ ಪಡಸಾಲೆಗೆ ಬರುತ್ತಿದ್ದ. ನನ್ನ ಟೇಪ್‌ರೆಕಾರ್ಡರಿನಲ್ಲಿ ಆ ಕ್ಯಾಸೆಟ್ಟು ಹಾಕುತ್ತಿದ್ದ. ಅದರಲ್ಲಿ ಅವನಿಗೆ ಬೇಕಾದದ್ದು ಒಂದೇ ಹಾಡು. ದಪ್ಪ ತಂತಿಗಳ ಮೇಲೆ ಒಂದು ಸಾಲು ಮತ್ತೆ ಮತ್ತೆ ಬರುತ್ತದೆ, ಅದರ ಮೇಲೆ ಒಬ್ಬ ಕೂಗಿ ಹಾಡುತ್ತಾನೆ. ನಡುವೆ ಹಾಡುವವನು ಸುಮ್ಮನಾಗುತ್ತಾನೆ, ಎರಡು ನಿಮಿಷ ಗಿಟಾರು ಒಂದೇ ಮಾತಾಡುತ್ತದೆ. ಆ ಎರಡು ನಿಮಿಷಕ್ಕೆ ಖಂಡಪ್ಪನಿಗೆ ಏಳು ತಿಂಗಳು ಹಿಡಿಯಿತು.

ಕಲಿತ ರೀತಿಯೂ ಅವನದೇ. ಹಳೆಯ ಗೇಜ್ ಹಾಳೆಗಳ ಹಿಂಬದಿಗೆ ಆರು ಗೆರೆ ಎಳೆದು, ಯಾವ ತಂತಿ, ಎಷ್ಟನೇ ಮನೆ ಎಂದು ಅಂಕಿ ಬರೆದುಕೊಳ್ಳುತ್ತಿದ್ದ. ಗಿಟಾರಿನ ಕತ್ತಿನ ಮೇಲೆ ಪಟ್ಟಿ ಪಟ್ಟಿಯ ನಡುವಿನ ಜಾಗಕ್ಕೆ ಅವನು ಮನೆ ಎನ್ನುತ್ತಿದ್ದ. ಬೆರಳಿನ ತುದಿಯ ಚರ್ಮ ಎದ್ದು ಬಂತು, ಆಮೇಲೆ ಗಟ್ಟಿಯಾಯಿತು. ನನ್ನ ಹೆಂಡತಿ ಸೂಗಮ್ಮ ಮೊದಮೊದಲು ತಲೆನೋವು ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು, ಕೊನೆಗೆ ರೊಟ್ಟಿ ಬಡಿಯುತ್ತಾ "ಈಗ ತಪ್ಪಿದಿ ನೋಡೋ" ಎಂದು ಅಡಿಗೆಮನೆಯಿಂದಲೇ ಕೂಗುವಷ್ಟು ಪಳಗಿದಳು.

ಇನ್ನು ನನ್ನ ಬಾಯಿ. ಕ್ಲಬ್ಬಿನ ವಾರ್ಷಿಕ ಸಮಾರಂಭಕ್ಕೆ ನೀರಾವರಿ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಹತ್ತು ದಿನ ಮೊದಲು ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ಖಂಡಪ್ಪನನ್ನು ಕರೆಸಿದರು. ಅಲ್ಲಿ ಏಳೆಂಟು ಮಂದಿ ಇದ್ದೆವು.

"ಶನಿವಾರ ಸಭಾ ಮುಗದ ಮ್ಯಾಲ ದೊಡ್ಡ ಸಾಹೇಬ್ರನ ಗೇಟಿನ ತನಕ ಹಲಗಿ ಬಾರಿಸ್ಕೋತ ಕಳಿಸಬೇಕು. ನಿಮ್ಮ ಮನಿತನದ ಕೈ ಚಲೋ ಅದ ಅಂತ ಕೇಳೀನಿ" ಎಂದರು.

"ನಮ್ಮ ಮನ್ಯಾಗ ಹಲಗಿ ಬಿಟ್ಟು ಇಪ್ಪತ್ತು ವರ್ಷಾತ್ರಿ" ಎಂದ ಖಂಡಪ್ಪ.

ಅದು ನಿಜ. ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಅವನ ಅಪ್ಪ ಮರಿಲಿಂಗಪ್ಪ ತನ್ನ ಹಲಗೆಯನ್ನು ಹೊತ್ತುಕೊಂಡು ಹೋಗಿ ಊರಗೌಡರ ಕಟ್ಟೆಯ ಮೇಲೆ ಇಟ್ಟು, ಇನ್ನು ಯಾರ ಸಾವಿಗೂ ಯಾರ ಮೆರವಣಿಗೆಗೂ ಕರೆಯಬೇಡಿ ಎಂದು ಕೈಮುಗಿದು ಬಂದಿದ್ದ. ಆ ಸುಗ್ಗಿಯಲ್ಲಿ ಅವನನ್ನು ಒಬ್ಬರೂ ಹೊಲಕ್ಕೆ ಕೆಲಸಕ್ಕೆ ಕರೆಯಲಿಲ್ಲ. ಸೆಕ್ರೆಟರಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು.

ಆಗ ನಾನು ಅವನನ್ನು ಉಳಿಸುತ್ತಿದ್ದೇನೆ ಎಂದುಕೊಂಡು ಬಾಯಿ ಹಾಕಿದೆ. "ಸಾಹೇಬ್ರ, ಅವಗ ಗಿಟಾರ್ ಬರ್ತದರಿ. ಆ ಕ್ಯಾಸೆಟ್ಟಿನ ಇಂಗ್ಲಿಷ್ ಹಾಡು ಪೂರಾ ಬಾರ್ಸ್ತಾನ್ರಿ. ಅದನ್ನೇ ಇಡ್ರಿ ಸಮಾರಂಭಕ್ಕ."

ಸೆಕ್ರೆಟರಿಯ ಮುಖ ಅರಳಿತು. "ಹೌದಾ? ಹಂಗಾರ ಕ್ಲಬ್ಬಿನ ದೊಡ್ಡ ಟೇಪ್ ಹಚ್ಚೋಣು. ಟೇಪಿನ ಜೋಡಿ ಮೊದಲಿಂದ ಕಡೀತನಕ ನಿಲ್ಲದಂಗ ಬಾರ್ಸು. ಬಾರ್ಸಿದ್ರ ಗಿಟಾರ್ ನಿಂದು, ನಿಮ್ಮ ಮಂದೀನ ಇನ್ನ ಹಲಗಿಗೆ ಕರಿಯಂಗಿಲ್ಲ. ನಡುವ ನಿಂತಿ ಅಂದ್ರ ಹಲಗಿ ಕೊಳ್ಳಾಗ ಹಾಕ್ಕೊಂಡು ಗೇಟಿನ ತನಕ ನೀನ ಮುಂದ. ಒಪ್ಪಿಗಿ ಅದನು?"

ಖಂಡಪ್ಪನ ಕಿವಿ ಕೆಂಪಾಗಿತ್ತು. "ಅದರಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೆ ನಕ್ಕೆನೋ ದೇವರಿಗೇ ಗೊತ್ತು.

ಮರುದಿನ ಮರಿಲಿಂಗಪ್ಪ ನಮ್ಮ ಮನೆಗೆ ಬಂದ. ಎಷ್ಟು ಕರೆದರೂ ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತ. "ಅಯ್ನೋರ, ಹುಡುಗ ಗೆಲ್ತಾನೇನ್ರಿ?" ಎಂದು ಕೇಳಿದ. ಏಳು ತಿಂಗಳಿನಿಂದ ದಿನಾ ಕೇಳುತ್ತಿದ್ದೇನೆ, ಒಂದು ಸ್ವರ ತಪ್ಪುವುದಿಲ್ಲ, ನಿಶ್ಚಿಂತೆಯಿಂದಿರು ಎಂದೆ. ಅವನು ತಲೆಯ ರುಮಾಲು ಸರಿಮಾಡಿಕೊಂಡು ಎದ್ದು ಹೋದ.

ಸಮಾರಂಭಕ್ಕೆ ಎರಡು ದಿನ ಇತ್ತು. ಸ್ಟೋರಿನ ಸಾಮಾನಿಗೆಂದು ಯಾದಗಿರಿಗೆ ಹೋಗಿದ್ದೆ. ಸ್ಟೇಷನ್ ರಸ್ತೆಯ ಕ್ಯಾಸೆಟ್ ಅಂಗಡಿಯ ಮುಂದೆ ಕಾಲು ನಿಂತವು. ಒಳಗೆ ಅದೇ ಹಾಡು ಹಚ್ಚಿದ್ದರು. ಅದೇ ಹೌದು, ಆದರೆ ಅದಲ್ಲ. ಬೆನ್ನು ಹತ್ತಿದವರ ಹಾಗೆ ಓಡುತ್ತಿತ್ತು, ಹಾಡುವವನ ದನಿಯೂ ಮೇಲಿತ್ತು. ಅಂಗಡಿಯವನಿಗೆ ನಿನ್ನ ಮಷೀನು ಕೆಟ್ಟಿದೆ ಎಂದೆ.

"ನಂದ್ಯಾಕ ಕೆಡ್ತದ್ರಿ? ನಿಮ್ಮ ಮನ್ಯಾಗ ವೋಲ್ಟೇಜ್ ಅದನೂ?" ಎಂದ ಅವನು.

ನನಗೆ ಅಲ್ಲೇ ಎಲ್ಲ ಹೊಳೆಯಿತು. ಕಾಲುವೆಗೆ ನೀರು ಬಂದಾಗಿನಿಂದ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು. ಮಧ್ಯಾಹ್ನ ತ್ರೀ ಫೇಸ್ ಕರೆಂಟು ಬಿಟ್ಟ ಕೂಡಲೇ ಎಲ್ಲವೂ ಒಟ್ಟಿಗೆ ಓಡುತ್ತವೆ, ನಮ್ಮ ಮನೆಯ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತದೆ, ಟೇಪು ನಿಧಾನವಾಗಿ ಎಳೆಯುತ್ತದೆ, ಸ್ವರವೂ ಇಳಿಯುತ್ತದೆ. ವರ್ಷಗಳಿಂದ ನಾವು ಎಲ್ಲ ಹಾಡುಗಳನ್ನೂ ಹಾಗೆಯೇ ಕೇಳಿ, ಹಾಡು ಇರುವುದೇ ಹಾಗೆ ಎಂದುಕೊಂಡಿದ್ದೆವು. ಖಂಡಪ್ಪ ಗಿಟಾರಿನ ತಂತಿಗಳನ್ನು ಹೊಂದಿಸಿಕೊಂಡದ್ದೂ ಆ ಎಳೆಯುವ ಟೇಪಿಗೇ. ಕ್ಲಬ್ಬಿನಲ್ಲಿ ಅವತ್ತು ಜನರೇಟರ್ ಇರುತ್ತದೆ. ಟೇಪು ಓಡಬೇಕಾದ ವೇಗದಲ್ಲೇ ಓಡುತ್ತದೆ.

ಬಸ್ಸಿನಲ್ಲಿ ಕೂತು ಖಂಡಪ್ಪನಿಗೆ ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳದಿದ್ದರೆ ಎರಡು ದಿನ ನಿದ್ದೆಯಾದರೂ ಮಾಡುತ್ತಾನೆ ಎನ್ನಿಸಿತು. ಹೇಡಿಯ ಯೋಚನೆ, ನನಗೆ ಅದು ಸುಲಭವಾಗಿ ಬರುತ್ತದೆ. ಆದರೂ ಆರು ಹೊಸ ಸೆಲ್ಲು ತೆಗೆದುಕೊಂಡೇ ಬಂದಿದ್ದೆ. ಅವನು ಬಂದಾಗ ಟೇಪಿನ ವೈರು ಕಿತ್ತು, ಸೆಲ್ಲು ಹಾಕಿ, ಹಾಡು ಹಚ್ಚಿದೆ.

ಖಂಡಪ್ಪ ನಿಂತೇ ಕೇಳಿದ. ಗಿಟಾರು ಎತ್ತಿ ಒಂದು ತಂತಿ ಮೀಟಿದ. ಹೊಂದಲಿಲ್ಲ.

"ಅಯ್ನೋರ, ಇದು ಎರಡು ಮನಿ ಮ್ಯಾಲ ಅದ" ಎಂದ.

"ಎರಡು ಮನಿ ಮುಂದ ಹೋಗಿ ಬಾರ್ಸಿದ್ರ ಆಗಂಗಿಲ್ಲೇನೋ?"

"ಬೆರಳ ಇಡದ ಖಾಲಿ ತಂತಿ ಮೀಟೋದು ಭಾಳ ಅದರಿ ಹಾಡಿನ್ಯಾಗ. ತಂತೀನೇ ಬಿಗೀಬೇಕು."

ಹಳೆಯ ತಂತಿಗಳು. ಕಡ್ಡಿಯಷ್ಟು ತಿರುಗಿಸಿ, ಕಾದು, ಮತ್ತೆ ಕಡ್ಡಿಯಷ್ಟು ತಿರುಗಿಸಿದ. ಎಲ್ಲಕ್ಕಿಂತ ತೆಳುವಾದ ತಂತಿಯ ಹತ್ತಿರ ಬಂದಾಗ ಸೂಗಮ್ಮ ಹೆದರಿ ಮುಖ ಆಚೆ ತಿರುಗಿಸಿದಳು. ತಂತಿ ಕಿರ್ ಎಂದಿತು, ತಡೆಯಿತು. "ಇದರದು ಭರವಸೆ ಇಲ್ರಿ" ಎಂದ ಖಂಡಪ್ಪ. ಬದಲಿ ತಂತಿ ಶಹಾಪುರ, ಸುರಪುರ, ಯಾದಗಿರಿ ಎಲ್ಲೂ ಸಿಗುವುದಿಲ್ಲ. ಹೈದರಾಬಾದಿಗೆ ಹೋಗಿ ಬರುವಷ್ಟು ಸಮಯ ಇರಲಿಲ್ಲ.

ಆ ದಿನ, ಮರುದಿನ, ಅಳತೆಯ ಹೊತ್ತು ಬಿಟ್ಟು ಉಳಿದದ್ದೆಲ್ಲ ಓಡುವ ಹಾಡಿನ ಹಿಂದೆ ಓಡಿದ. ಸೆಲ್ಲು ಸೊರಗಿದಾಗ ಹಾಡು ಮತ್ತೆ ನಮ್ಮ ಹಳೆಯ ಹಾಡಾಗುತ್ತಿತ್ತು, ನಾನು ಸೈಕಲ್ ಹತ್ತಿ ಹೊಸ ಸೆಲ್ಲಿಗೆ ಓಡುತ್ತಿದ್ದೆ. ಶುಕ್ರವಾರ ಸಂಜೆ ಮೂರು ಸಲ ನಿಲ್ಲದೆ ಬಾರಿಸಿದ. ನಾಲ್ಕನೇ ಸಲ ಬೇಡ, ತಂತಿಗೆ ಅಷ್ಟು ಜೀವ ಇಲ್ಲ ಎಂದು ಗಿಟಾರನ್ನು ಕೌದಿಯಲ್ಲಿ ಸುತ್ತಿಟ್ಟ.

ಶನಿವಾರ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಅವರ ಮನೆಯವರು. ಹಿಂದೆ ಗೋಡೆಗೆ ಒರಗಿ ನಮ್ಮ ದಿನಗೂಲಿಯವರು. ಬಾಗಿಲಲ್ಲಿ ಮರಿಲಿಂಗಪ್ಪ. ವೇದಿಕೆಯ ಮೇಲೆ ಒಂದು ಖುರ್ಚಿಯಲ್ಲಿ ಹಲಗೆ ತಂದಿಟ್ಟಿದ್ದರು, ಎಲ್ಲರಿಗೂ ಕಾಣುವ ಹಾಗೆ. ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡಿಯೇ ತಂದಿದ್ದರು.

ಟೇಪು ಶುರುವಾಯಿತು. ಖಂಡಪ್ಪ ಮೊದಲ ಏಟಿಗೇ ಅದರ ಜೊತೆ ಹೊರಟ. ಮುಂದಿನ ಸಾಲಿನಲ್ಲಿ ನಗು ಇತ್ತು, ಅರ್ಧ ನಿಮಿಷದಲ್ಲಿ ಅದು ನಿಂತಿತು. ಯಾವುದು ಟೇಪು, ಯಾವುದು ಖಂಡಪ್ಪ ಎಂದು ನನಗೇ ತಿಳಿಯುತ್ತಿರಲಿಲ್ಲ. ಹಾಡುವವನು ಸುಮ್ಮನಾದ. ಆ ಎರಡು ನಿಮಿಷ ಬಂತು. ಒಂದು ನಿಮಿಷ ದಾಟಿತು. ಖಂಡಪ್ಪನ ಬೆರಳುಗಳು ಕತ್ತಿನ ಅರ್ಧಕ್ಕೆ ಏರಿ ತೆಳು ತಂತಿಯನ್ನು ಒತ್ತಿ ಎಳೆದವು. ಪಟ್ ಎಂದಿತು.

ತಂತಿ ಹಾರಿ ಅವನ ಮುಂಗೈ ಸೀಳಿತು. ಟೇಪು ಅವನನ್ನು ಬಿಟ್ಟು ಮುಂದೆ ಓಡಿತು. ಅವನು ನಿಂತಿದ್ದ. ನಾನು ಎಣಿಸಿದೆ, ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಅವನ ಕೈ ಪಕ್ಕದ ತಂತಿಗೆ ಇಳಿದು ಐದು ಮನೆ ಮುಂದಕ್ಕೆ ಹಾರಿತು, ಅದೇ ಸ್ವರ ಅಲ್ಲಿ ಸಿಕ್ಕಿತು. ಆ ತಂತಿಯ ಮೇಲೆ ಅವನು ಆ ಸಾಲನ್ನು ಎಂದೂ ಬಾರಿಸಿರಲಿಲ್ಲ. ಮನಸ್ಸಿನಲ್ಲೇ ಅಂಕಿ ಕೂಡಿಸುತ್ತಾ, ರಕ್ತ ಬಿಳಿ ಅಂಗಿಗೆ ಹತ್ತುತ್ತಾ, ಓಡಿ ಹೋಗಿ ಟೇಪನ್ನು ಹಿಡಿದ. ಹಾಡು ಮುಗಿದಾಗ ಇಬ್ಬರೂ ಒಟ್ಟಿಗೆ ನಿಂತರು.

ಹಿಂದಿನ ಗೋಡೆಯಿಂದ ಚಪ್ಪಾಳೆ ಎದ್ದಿತು. ನಾನು ಅಳುತ್ತಿದ್ದೆ. ಸೆಕ್ರೆಟರಿ ಮೈಕಿನ ಮುಂದೆ ಬಂದು ಕೈ ಎತ್ತಿ ಸದ್ದು ಇಳಿಸಿದರು.

"ಚಲೋ ಬಾರ್ಸಿದಿ. ಖರೆ, ನಡುವ ನಿಂತಿ. ಮಾತಂದ್ರ ಮಾತು" ಎಂದು ಹಲಗೆಯತ್ತ ಕೈ ತೋರಿಸಿದರು. ದೊಡ್ಡ ಸಾಹೇಬರು ಏನು ವಿಷಯ ಎಂದು ಕೇಳಿದರು. ಸೆಕ್ರೆಟರಿ ಪಂದ್ಯದ ಕತೆ ಹೇಳಿ, ಮಂದಿಯ ನಡುವೆ ನನ್ನನ್ನು ಹುಡುಕಿದರು. "ಚನ್ನಯ್ಯ ಇದ್ದ ಅಲ್ಲಿ. ಏ ಚನ್ನಯ್ಯ, ಮಾತು ಆಗಿತ್ತೋ ಇಲ್ಲೋ, ಹೇಳು ಸಾಹೇಬ್ರಿಗೆ."

ಎದ್ದು ನಿಂತೆ. ಇಡೀ ಸಭೆ ನನ್ನತ್ತ ತಿರುಗಿತ್ತು. "ನನಗ… ನೆನಪಿಲ್ರಿ" ಎಂದೆ. ಜೀವನದಲ್ಲಿ ಒಮ್ಮೆ ಒಳ್ಳೆಯ ಸುಳ್ಳು ಹೇಳಿದೆ ಎಂದುಕೊಂಡೆ.

"ಅಯ್ನೋರ, ಹಂಗನಬ್ಯಾಡ್ರಿ" ಎಂದ ಖಂಡಪ್ಪ ವೇದಿಕೆಯ ಮೇಲಿಂದ. ಮೈಕು ಇಲ್ಲದೆಯೇ ಎಲ್ಲರಿಗೂ ಕೇಳಿಸಿತು. "ಮಾತು ಆಗಿತ್ತು. ನಾನು ಒಪ್ಪಿದ್ನಿ. ಹಾಡು ನಿಂತದ್ದೂ ಖರೇನ." ಆಮೇಲೆ ದೊಡ್ಡ ಸಾಹೇಬರತ್ತ ತಿರುಗಿದ. "ಮಾತು ಕೊಟ್ಟಿದ್ನಿ, ಈಗ ಮುರೀತೀನ್ರಿ. ನಮ್ಮಪ್ಪ ಕೆಳಗಿಟ್ಟದ್ದು ನಾ ಎತ್ತಂಗಿಲ್ಲ. ಗೆದ್ರೂ ಎತ್ತಂಗಿಲ್ಲ, ಸೋತ್ರೂ ಎತ್ತಂಗಿಲ್ಲ. ಇಷ್ಟು ಅವತ್ತ ಹೇಳಬೇಕಿತ್ತು. ಹೇಳಲಿಲ್ಲ, ಅದು ನನ್ನ ತಪ್ಪು."

ಗಿಟಾರನ್ನು ಸ್ಪೀಕರಿಗೆ ಒರಗಿಸಿ ಕೆಳಗಿಳಿದ. ಬಾಗಿಲಲ್ಲಿ ಮರಿಲಿಂಗಪ್ಪ ತಲೆಯ ರುಮಾಲು ಬಿಚ್ಚಿ ಮಗನ ಮುಂಗೈಗೆ ಸುತ್ತಿದ. ಇಬ್ಬರೂ ಹೊರಗೆ ಹೋದರು. ಮುಂದೆ ಖಂಡಪ್ಪನನ್ನು ಯಾರಿಗೂ ಬೇಡವಾದ ದೂರದ ಗೇಜಿಗೆ ಎತ್ತಿ ಹಾಕಿದ್ದು, ಗಿಟಾರು ಯಾರದೋ ಮನೆ ಸೇರಿದ್ದು, ಎಲ್ಲ ಆಮೇಲಿನದು.

ದೊಡ್ಡ ಸಾಹೇಬರು ಹೊರಡಲು ಎದ್ದರು. ಸೆಕ್ರೆಟರಿ ಹಲಗೆಯನ್ನು ನೋಡಿದರು, ಆಮೇಲೆ ಗೋಡೆಗೆ ಒರಗಿದ್ದ ದಿನಗೂಲಿಯವರನ್ನು ಒಬ್ಬೊಬ್ಬರಾಗಿ ನೋಡಿದರು. ಯಾರೂ ಕದಲಲಿಲ್ಲ. ವೇದಿಕೆಯಿಂದ ಗೇಟಿಗೆ ಎಂಬತ್ತು ಹೆಜ್ಜೆ. ಹೂವಿನ ಹಾರ ಹಾಕಿಕೊಂಡ ದೊಡ್ಡ ಸಾಹೇಬರು ಮುಂದೆ, ನಾವೆಲ್ಲ ಹಿಂದೆ, ಅಷ್ಟು ದೂರವನ್ನೂ ಬರೀ ಬೂಟಿನ ಸಪ್ಪಳದಲ್ಲಿ ನಡೆದೆವು.